ಅಕ್ಕನ ಕೊರಳ ಕೀಲಿಕೈ

"ಉಗ್ರಾಣದಲ್ಲಿರೋ ಆ ಮೇಕಪ್ ಪೆಟ್ಟಿಗೆ ಮುಟ್ಟಬೇಡ. ಒಳಗೊಂದು ಬೀಗ ಇದೆ. ತೆಗೆದ್ರೆ ಒಂದು ಬಾಯಿ ಬಿಡುತ್ತೆ, ಇನ್ನೊಂದು ಬಾಯಿ ಹಿಡಿಯುತ್ತೆ" ಎಂದಳು ಅಕ್ಕ, ಮಲಗಿದಲ್ಲಿಂದಲೇ.

ಹೊಸದಾಗಿ ಬಂದ ನರ್ಸ್ ಕಿಸಕ್ಕನೆ ನಕ್ಕಳು. "ನನ್ನ ಬಾಯಿ ಹಿಡಿಯೋಕೆ ಹೆತ್ತಮ್ಮನಿಗೇ ಆಗ್ಲಿಲ್ಲ ಮೇಡಂ. ತುಕ್ಕು ಹಿಡಿದ ಬೀಗಕ್ಕೆ ಆಗುತ್ತಾ?"

ಮಾತೇ ಅವಳ ಬಂಡವಾಳ. ರೋಗಿಯ ಅರ್ಧ ನೋವನ್ನು ಮಾತಿನಲ್ಲೇ ಇಳಿಸುವವಳು. ಕಣ್ಣು ಕಾಣದ ಅವಳ ತಾಯಿಗಂತೂ ಮಗಳೆಂದರೆ ಆ ದನಿಯೇ. ದಿನಾ ಮಧ್ಯಾಹ್ನ ಫೋನಿನಲ್ಲಿ ಅದನ್ನು ಕೇಳದೆ ಆಕೆ ತುತ್ತು ಎತ್ತುತ್ತಿರಲಿಲ್ಲ.

ಅಕ್ಕ ಒಂದು ಕಾಲದ ಸಿನಿಮಾ ತಾರೆ. ಗೋಡೆ ತುಂಬ ಅವಳದೇ ಮುಖ; ಪಟಗಳ ಹಿಂದಿನಿಂದ ಗೆದ್ದಲ ಮಣ್ಣು ಸಣ್ಣಗೆ ಉದುರುತ್ತಿತ್ತು. ಕೋಣೆಯಲ್ಲಿ ಮುಲಾಮು, ಹಳೇ ಪೌಡರು, ಮೂತ್ರ ಎಲ್ಲ ಕಲಸಿದ ವಾಸನೆ. ತೆರೆಯ ಮೇಲೆ ಆಡಿದ ತುಟಿ ಅವಳದು. ಹಾಡಿದ್ದು, ಅತ್ತದ್ದು, ನಕ್ಕದ್ದು ತಂಗಿಯ ಗಂಟಲು. ಆ ದನಿ ತನ್ನದೆಂದು ಪತ್ರಿಕೆಯವರಿಗೆ ಹೇಳಲು ತಂಗಿ ಹೊರಟ ಬೆಳಗ್ಗೆಯೇ ಅವಳ ನಾಲಿಗೆ ಬಿದ್ದುಹೋಯಿತು. ನಲವತ್ತು ವರ್ಷ ಅಕ್ಕನ ಎಂಜಲು ತೊಳೆದೇ ಮುದುಕಿಯಾದಳು.

ಇದನ್ನೆಲ್ಲ ತಂಗಿಯೇ ನರ್ಸಿಗೆ ಸ್ಲೇಟಿನ ಮೇಲೆ ಬರೆದು ತಿಳಿಸಿದ್ದು. ಕೊನೆಗೆ ಬಳಪ ಮುರಿಯುವಂತೆ ಒತ್ತಿ ಬರೆದಳು: "ಬಾಯಿಕಟ್ಟು ಮಾಡಿಸಿದಳು. ಕೀಲಿ ಅವಳ ಕೊರಳಲ್ಲಿದೆ. ನಾನು ಮುಟ್ಟುವಂತಿಲ್ಲ." ಅಂಗೈ ಚಾಚಿದಳು. ಸುಟ್ಟ ಕಲೆ, ಕೀಲಿಕೈಯ ಆಕಾರದ್ದು.

ನರ್ಸ್ ಮಾಟ ನಂಬುವವಳಲ್ಲ. ಆದರೆ ಮೈಯೆಲ್ಲ ಉರಿಯಿತು. ಒಡಹುಟ್ಟಿದವಳ ಗಂಟಲು ನುಂಗಿ ತೇಗಿದ ಹೆಂಗಸಿಗೆ ತಾನು ತಲೆದಿಂಬು ಸರಿಪಡಿಸಬೇಕೇ? ಬೀಗ ಬಾಯಿ ಹಿಡಿಯುವುದೇ ಆದರೆ ಇವಳದನ್ನೇ ಹಿಡಿಯಲಿ!

ಮರುದಿನ ಮೈ ಒರೆಸುವಾಗ ಕೊರಳ ದಾರ ಕತ್ತರಿಸಿದಳು.

"ಬೇಡ ಕಣೇ! ನಿನ್ನ ಒಳ್ಳೇದಕ್ಕೇ ಹೇಳಿದ್ದು!"

"ಸುಮ್ನಿರಿ. ನಲವತ್ತು ವರ್ಷ ನಿಮ್ಮದೇ ನಡೀತಲ್ಲ, ಸಾಕು."

ಕಿಟಕಿಯಿಲ್ಲದ ಉಗ್ರಾಣ. ಹಗಲಲ್ಲೂ ಕತ್ತಲು; ದೀಪ ಹಚ್ಚಿಕೊಂಡು ಒಳಹೊಕ್ಕಳು. ಪೆಟ್ಟಿಗೆಯ ತಳದಲ್ಲಿ, ಕೂದಲು ಸುತ್ತಿದ ಬೀಗ. ಮುಟ್ಟಿದಳು. ಬೆಚ್ಚಗಿತ್ತು. ನಾಲಿಗೆಯ ಹಾಗೆ ಒದ್ದೆ. ಆದರೂ ಸಿಟ್ಟು ಬಿಡಲಿಲ್ಲ. ತಿರುಗಿಸಿದಳು.

ಕಟಕ್.

ಕೊಳೆತ ಉಸಿರೊಂದು ಮುಖಕ್ಕೆ ರಾಚಿತು. ದೀಪ ಆರಿತು. ಬಾಯೊಳಗೆ ಬೆರಳು. ತಣ್ಣಗಿನ ಬೆರಳು. ನಾಲಿಗೆಯ ಬುಡಕ್ಕೆ. ಇನ್ನೂ ಒಳಕ್ಕೆ. ಕೂಗಿದಳು. ಸದ್ದಿಲ್ಲ. ಮತ್ತೆ ಕೂಗಿದಳು. ಸದ್ದಿಲ್ಲ.

ಗೋಡೆ ಹಿಡಿದು ಹೊರಬಂದಾಗ ಮೇಜಿನ ಮೇಲೆ ಅವಳ ಫೋನು ಬಡಿದುಕೊಳ್ಳುತ್ತಿತ್ತು. ತಂಗಿ ಎತ್ತಿಕೊಂಡಳು.

"ಹೇಳಮ್ಮಾ."

ನರ್ಸಿನದೇ ದನಿ. ಅದೇ ಎಳೆತ, ಅದೇ ನಗು.

"ಯಾಕೇ ಇಷ್ಟೊತ್ತು? ಊಟ ಆಯ್ತಾ ಮಗಳೇ?" ಎಂದಿತು ಫೋನು.

"ಇಲ್ಲಮ್ಮ. ಮನೆಗೇ ಬರ್ತಿದೀನಿ. ಇನ್ಮೇಲೆ ನಿನ್ನ ಜೊತೇನೇ ಇರ್ತೀನಿ."

ನರ್ಸ್ ಅವಳ ತೋಳು ಹಿಡಿದು ಜಗ್ಗಿದಳು. ತಂಗಿ ಕೊಡವಿಕೊಂಡು ಫೋನ್ ಕಟ್ ಮಾಡಿದಳು.

"ಅಕ್ಕ ನಿನ್ನನ್ನ ಎಚ್ಚರಿಸಿದ್ದು ನನಗೂ ಕೇಳಿಸಿತ್ತು. ಏನ್ಮಾಡ್ಲಿ? ನಲವತ್ತು ವರ್ಷ ನನಗ್ಯಾರು ಅಯ್ಯೋ ಅಂದ್ರು?" ಎಂದವಳೇ ಸ್ಲೇಟನ್ನು ನರ್ಸಿನ ಎದೆಗೆ ಒತ್ತಿ, ಬಾಗಿಲು ದಾಟಿದಳು.

ಹಾಸಿಗೆಯಲ್ಲಿ ಅಕ್ಕ ಕರ್ಕಶವಾಗಿ ನಕ್ಕಳು. "ಎಷ್ಟಾದ್ರೂ ನನ್ನ ತಂಗಿ."

ನರ್ಸ್ ಬಳಪ ಹಿಡಿದಳು. "ಅಮ್ಮಾ, ಅವಳು ನಾನಲ್ಲ" ಎಂದು ಬರೆದಳು, ಬಳಪ ಮುರಿಯುವಂತೆ ಒತ್ತಿ.

ಅದನ್ನು ಓದಬೇಕಾದವಳಿಗೆ ಕಣ್ಣಿರಲಿಲ್ಲ.