ಮೊದಲ ಕತ್ತರಿಯ ತುಪ್ಪಟ

ಯರಗೇರಾ ಕ್ಯಾಂಪಸ್ಸಿನಿಂದ ರಾಯಚೂರಿಗೆ ಹೊರಟ ಸಂಜೆ ಬಸ್ಸಿನಲ್ಲಿ ಲಲಿತಾಳ ಕೂದಲು ಹಿಂದಿನ ಸೀಟಿನವನ ಮುಖಕ್ಕೆ ಹಾರುತ್ತಿತ್ತು. ಅವನು, ಅದೇ ಕ್ಯಾಂಪಸ್ಸಿನ ಎಂ.ಕಾಂ. ಹುಡುಗ ರೇವಣಸಿದ್ದ, ಬಹಳ ಹೊತ್ತು ಸಹಿಸಿಕೊಂಡ. ಸಹಿಸಿಕೊಂಡ ಅನ್ನುವುದಕ್ಕಿಂತ ಸುಖಪಟ್ಟ ಅನ್ನಬೇಕು.

"ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಅಂದ. "ನಿಮ್ಮ ಕೂದ್ಲ ನಮ್ಮ ಕುರಿಮರಿ ತುಪ್ಪಟ ಇದ್ದಂಗ ಅದಾವ."

ಕುರಿಯ ಉಣ್ಣೆ! ಲಲಿತಾ ತಿರುಗಿ ನೋಡಿದ ನೋಟಕ್ಕೆ ಬೇರೆ ಯಾರಾದರೂ ಮುಂದಿನ ಸ್ಟಾಪಿನಲ್ಲೇ ಇಳಿದು ಓಡುತ್ತಿದ್ದರು. ಈ ಪುಣ್ಯಾತ್ಮ ನಗುತ್ತ ಕೂತಿದ್ದ.

ಪೋತ್ನಾಳದ ಶಾಲೆಯಲ್ಲಿ ಅವಳನ್ನು ಹುಡುಗರು 'ಕುರಿ' ಅಂತಲೇ ಕರೆದಿದ್ದರು. ಅಜ್ಜ ಕುರಿ ಮಾರಿ ಭತ್ತದ ಗದ್ದೆ ಮಾಡಿದ್ದ. ಮನೆಯಲ್ಲಿ ಕುರಿಯ ವಾಸನೆಯೂ ಉಳಿದಿರಲಿಲ್ಲ. ಆದರೆ ಆ ಹೆಸರು ಮಾತ್ರ ಅವಳ ತಲೆ ಬಿಟ್ಟು ಇಳಿಯಲಿಲ್ಲ. ಪೂರ್ತಿ ಗುಂಗುರೂ ಅಲ್ಲ, ನೆಟ್ಟಗೂ ಇಲ್ಲ; ಕಿವಿಯವರೆಗೆ ಸುಮ್ಮನಿದ್ದು, ಅಲ್ಲಿಂದ ಅಲೆ ಅಲೆಯಾಗಿ ಇಳಿಯುವ ಕೂದಲು. ಅವ್ವ ಬಂಡೆಮ್ಮ ದಿನಾ ಒಣಗಿದ ತಲೆಗೆ ಹಣಿಗೆ ಹಾಕಿ ಎಳೆಯುವಳು. ಎಳೆದಷ್ಟೂ ಅದು ಉಬ್ಬುವುದು. ಉಬ್ಬಿದಷ್ಟೂ ಎಣ್ಣೆ ಸುರಿಯುವಳು.

ರಾಯಚೂರಿನ ಹಾಸ್ಟೆಲ್ಲಿಗೆ ಬಂದ ಮೇಲೆ ಫೋನಿನಲ್ಲಿ ಅವರಿವರ ವಿಡಿಯೋ ನೋಡಿ, ನಾಲ್ಕು ಸಲ ಕೆಡಿಸಿಕೊಂಡು, ಲಲಿತಾ ತನ್ನ ಕೂದಲಿನ ಆರೈಕೆಯನ್ನು ತಾನೇ ಕಲಿತಳು. ಕೂದಲು ಹಸಿಯಿರುವಾಗಲೇ ಕಂಡೀಷನರ್ ಹಚ್ಚಿ ಬೆರಳಿನಿಂದ ಸಿಕ್ಕು ಬಿಡಿಸಬೇಕು. ಟವೆಲಿನಿಂದ ತಿಕ್ಕಬಾರದು, ಹಳೆಯ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒತ್ತಬೇಕು. ಒಣಗುವವರೆಗೆ ಮುಟ್ಟಬಾರದು. ಇಷ್ಟು ಮಾಡಿದರೆ ಅಲೆಗಳು ತಾವಾಗಿ ಕೂಡುತ್ತಿದ್ದವು. ಇಷ್ಟು ವರ್ಷ ಕೆಟ್ಟದ್ದು ಕೂದಲಲ್ಲ, ಅದಕ್ಕೆ ಮಾಡಿದ ಉಪಚಾರ ಎಂದು ತಿಳಿದ ದಿನ ಅವಳಿಗೆ ಅಳು ಬಂದಿತ್ತು.

ಅಂಥ ತಲೆಗೆ ಇವನು ಮತ್ತೆ ಕುರಿ ತಂದ. ಮಾತು ಬಿಟ್ಟಳು. ಆದರೆ ಮಾತು ಬಿಟ್ಟವಳು ಆ ಬಸ್ಸು ಬಿಡಲಿಲ್ಲ, ಆ ಸೀಟೂ ಬಿಡಲಿಲ್ಲ. ಕಿಟಕಿಯ ಗಾಜಿನಲ್ಲಿ ಅವನ ಕಣ್ಣು ಸಿಕ್ಕರೆ ಹುಬ್ಬು ಗಂಟಿಕ್ಕುವಳು. ಸಿಗದಿದ್ದರೆ ಇನ್ನೂ ಹೆಚ್ಚು ಗಂಟಿಕ್ಕುವಳು.

ಪರೀಕ್ಷೆ ಮುಗಿದ ಮೇಲೆ ದೇವದುರ್ಗದ ಕಡೆಯ ಮಸರಕಲ್ಲಿನ ಕುರಿ ಸಾಕುವ ಮನೆಯೊಂದರಿಂದ ಸಂಬಂಧ ಬಂತು. ಫೋಟೋದಲ್ಲಿ ರೇವಣಸಿದ್ದ.

ಅವನನ್ನು ಸಾಕಿದ ಸೋದರತ್ತೆ ಗದ್ದೆಮ್ಮ ಹೆಣ್ಣಿನ ಜಡೆ ಬಿಚ್ಚಿಸಿಯೇ ನೋಡುವವಳಂತೆ. ಬಂಡೆಮ್ಮನಿಗೆ ಅದೇ ಚಿಂತೆ.

"ರಾಯಚೂರಾಗ ಪಾರ್ಲರಿಗೆ ಹೋಗಿ ನೆಟ್ಟಗ ಮಾಡಿಸ್ಕೊಂಡ್ ಬಾರಬೇ. ಇಂಥ ಮನಿ ಮತ್ತ ಸಿಗಂಗಿಲ್ಲ."

"ಆ ಹುಡುಗ ನನಗೂ ಬೇಕವ್ವಾ," ಅಂದಳು ಲಲಿತಾ. "ಬೇಕು ಅಂತ ಸುಳ್ಳ ತಲಿ ತೋರಿಸಂಗಿಲ್ಲ."

ಅವರು ಬರುವ ದಿನ ತಲೆ ಎರೆದುಕೊಂಡಳು. ಅಪ್ಪನ ಹಳೆಯ ಧೋತರದಲ್ಲಿ ನೀರು ಒತ್ತಿ ತೆಗೆದಳು. ಎಣ್ಣೆಯಿಲ್ಲ, ಹಣಿಗೆಯಿಲ್ಲ, ಜಡೆಯೂ ಇಲ್ಲ. ಅಲೆಗಳನ್ನು ಬೆನ್ನ ತುಂಬ ಬಿಟ್ಟುಕೊಂಡು ಚಹಾ ಹಿಡಿದು ಹೊರಗೆ ಬಂದಳು. ಬಂಡೆಮ್ಮ ಹಣೆ ಚಚ್ಚಿಕೊಂಡಳು.

ಗದ್ದೆಮ್ಮ ಕನ್ನಡಕ ಏರಿಸಿದಳು. "ಮದುವಿ ದಿನಾರ ನೆಟ್ಟಗ ಮಾಡಿಸ್ಕೊಂತಿ ಹೌದಿಲ್ಲೋ, ಯವ್ವಾ?"

"ಇಲ್ರೀ ಅತ್ತೀ. ಮದುವಿ ದಿನಾನೂ ಹಿಂಗ, ಮರುದಿನಾನೂ ಹಿಂಗ. ನಡಿಯಂಗಿಲ್ಲ ಅಂದ್ರ ಚಾ ಕುಡದು ಹೋಗ್ರಿ."

ರೇವಣಸಿದ್ದ ತಲೆ ತಗ್ಗಿಸಿ ಕೂತಿದ್ದ. ಅವನನ್ನು ಕಳೆದುಕೊಂಡೆ ಅನ್ನಿಸಿತು ಲಲಿತಾಳಿಗೆ. ಆದರೂ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವನು ತಲೆ ಎತ್ತಿದ. "ಅತ್ತೀ, ನಿನ್ನ ಟ್ರಂಕಿನಾಗ ಏನಿಟ್ಟೀ ಹೇಳಿಬಿಡು."

"ಏನಿಟ್ಟೀನೋ? ನಿನ್ನ ಮದುವಿ ಕಂಬಳಿಗೆ ಮರಿಗಳ ಮೊದಲ ಕತ್ತರಿ ತುಪ್ಪಟ ಇಟ್ಟೀನಿ. ಮದುಮಕ್ಕಳು ಬ್ಯಾರೆ ಕಂಬಳಿ ಮ್ಯಾಲ ಕೂಡ್ತಾರೇನು?"

"ಅದರಾಗ ನೆಟ್ಟಗಂದು ಎಷ್ಟ್ ಇಟ್ಟೀ?"

"ಹುಚ್ಚನಂಗ ಕೇಳ್ತೀಯಲ್ಲೋ! ನೆಟ್ಟಗಂದು ನೂಲಾಗ ನಿಲ್ತದೇನು? ಅಲಿ ಇದ್ದದ್ದ..."

ಗದ್ದೆಮ್ಮ ಅಲ್ಲಿಗೇ ನಿಂತಳು. ಲಲಿತಾಳನ್ನು ಹತ್ತಿರ ಕರೆದು, ಒಂದು ಎಳೆ ಹಿಡಿದು ಎಳೆದು ಬಿಟ್ಟಳು. ಅದು ಮತ್ತೆ ತನ್ನ ಅಲೆಗೆ ಮರಳಿತು. ಮುದುಕಿ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಚಾ ಆರಾಕತ್ತದ, ಕುಡೀರಿ ಎಲ್ಲಾರೂ," ಅಂದಳು.

ಆ ಮನೆಯಲ್ಲಿ 'ತುಪ್ಪಟ ಇದ್ದಂಗ' ಅನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ಲಲಿತಾಳಿಗೆ ಆಗ ತಿಳಿಯಿತು. ಒಂದು ಹೊಗಳಿಕೆಗೆ ವರ್ಷವಿಡೀ ಹುಬ್ಬು ಗಂಟಿಕ್ಕಿದ್ದಳು!

ಹಿತ್ತಲಲ್ಲಿ ಇಬ್ಬರೇ ಸಿಕ್ಕಾಗ ಕೇಳಿದಳು. "ಬಸ್ಸಿನಾಗ ಬಿಡಿಸಿ ಹೇಳಾಕ ಏನಾಗಿತ್ತು?"

"ನೀ ಎಲ್ಲಿ ಬಾಯಿ ತೆರಿಯಾಕ ಬಿಟ್ಟಿ? ಅವತ್ತಿಂದ ಮನಸ್ಸು ನಿನ್ನ ಹತ್ರನ ಅದ." ಅವನ ಕಣ್ಣು ಮುಖದಿಂದ ಕೂದಲಿಗೆ ಜಾರಿತು. "ಒಮ್ಮಿ ಮುಟ್ಲೇನು?"

"ಒಣಗಿದ ತಲಿಗೆ ಎಂದಾರ ಹಣಿಗಿ ತಂದಿ ಅಂದ್ರ, ಮನಿ ಹೊರಗ ಹಾಕ್ತೀನಿ."

"ಮತ್ತ ಹೆಂಗ?"

"ಬರೇ ಕೈಲೆ," ಅಂದು ಲಲಿತಾ ಅವನಿಗೆ ಬೆನ್ನು ಮಾಡಿ ನಿಂತಳು, ಬಸ್ಸಿನಲ್ಲಿ ಕೂರುತ್ತಿದ್ದ ಹಾಗೆಯೇ.