ನೆಲಜೇಡದ ಬಿಳಿ ಗಂಟು

ಬಹಳ ಹಿಂದೆ, ಏಳು ಕೆಂಪು ಗುಡ್ಡಗಳಾಚೆಯ ಒಂದು ರಾಜ್ಯದಲ್ಲಿ ದುರ್ಗಣನೆಂಬ ಮಾಟಗಾರನಿದ್ದ. ಚೌಕಾಬಾರ ಆಡಲು ಅವನಿಗೆ ಕಾಯಿಗಳು ಬೇಕಾದವು. ಊರಿನ ಕೂಸುಗಳನ್ನೆಲ್ಲ ಬೆಣಚುಕಲ್ಲು ಮಾಡಿ ಚೀಲಕ್ಕೆ ಸುರಿದುಕೊಂಡ. ಅಷ್ಟು ದೊಡ್ಡ ಮಾಟಗಾರನಿಗೆ ನಾಲ್ಕು ಕಲ್ಲು ಹುಡುಕಲು ಮೈಗಳ್ಳತನ, ನೋಡಿ!

ಆ ಕಲ್ಲುಗಳಲ್ಲಿ ಗುರವ್ವನ ಎಂಟು ತಿಂಗಳ ಮಗನೂ ಒಬ್ಬ. ಅವಳು ಎದೆಗುಂದದೆ, ಕಸ ಗುಡಿಸುವವಳಾಗಿ ಅವನ ಅರಮನೆ ಸೇರಿದಳು. ದುರ್ಗಣನ ಜೀವ ಒಂದು ಬಿಳಿ ಮಣಿಯಲ್ಲಿತ್ತು. ಅದು ನಡುಮನೆಯ ನೆಲದ ಮೇಲೆಯೇ ಬಿದ್ದಿರುತ್ತಿತ್ತು.

"ಮನುಷ್ಯರ ಕೈ, ಕೈಯಲ್ಲಿ ಹಿಡಿದದ್ದು, ಹಕ್ಕಿಯ ಕೊಕ್ಕು, ಹಾವಿನ ಬಾಯಿ, ಯಾವುದು ಮುಟ್ಟಿದರೂ ಸುಟ್ಟು ಬೂದಿ! ಮಣಿ ಹೊಸ್ತಿಲು ದಾಟಿದರಷ್ಟೇ ಈ ಸುಡುವ ಮಾಟ ಬಿಡುತ್ತದೆ. ದಾಟಿಸುವವರು ಯಾರು?" ಎಂದು ಅವನು ಮೀಸೆ ತಿರುವುತ್ತಿದ್ದ.

ಗುರವ್ವ ಪೊರಕೆಯಿಂದ ತಳ್ಳಿ ನೋಡಿದಳು. ಪೊರಕೆ ಭಗ್ಗನೆ ಉರಿದುಹೋಯಿತು.

ಮರುದಿನ ಮಧ್ಯಾಹ್ನ ಒಂದು ನೆಲಜೇಡ ಗೋಡೆಯ ಬುಡದಲ್ಲಿ ಅತ್ತಿತ್ತ ಓಡಾಡುತ್ತಿತ್ತು. ಬಲೆ ಹೆಣೆಯದೆ ನೆಲದ ಮೇಲೆ ಓಡಿ ಬೇಟೆಯಾಡುವ ಜಾತಿ ಅದು. ಮೊಟ್ಟೆಗಳ ಬಿಳಿ ಗಂಟನ್ನು ಹಿಂದೆ ಕಟ್ಟಿಕೊಂಡೇ ತಿರುಗುತ್ತದೆ.

"ನನ್ನ ಗಂಟು ಎಲ್ಲಿ ಹೋತು, ತಂಗಿ?" ಎಂದಿತು ಜೇಡ.

ಗುರವ್ವನಿಗೆ ನೆನಪಾಯಿತು. ಬೆಳಿಗ್ಗೆ ಕಸದ ಜೊತೆ ಏನೋ ಬಿಳಿಯದನ್ನು ಗುಡಿಸಿ ತಿಪ್ಪೆಗೆ ಹಾಕಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಜೇಡ ಮಣಿಯನ್ನು ಕಂಡಿತು.

"ಸಿಕ್ತು!" ಎಂದು ಅದನ್ನೇ ಕಟ್ಟಿಕೊಂಡು ಹೊಸ್ತಿಲು ದಾಟಿ, ಅಂಗಳದ ಬಿಲ ಹೊಕ್ಕಿತು. ಪಾಪ, ದುಂಡಗಿರುವುದೆಲ್ಲ ಅದಕ್ಕೆ ತನ್ನ ಗಂಟೇ. ಮಾಟ ಹಾಕುವಾಗ ಜೇಡವೂ ಒಂದಿದೆಯೆಂದು ಮಾಟಗಾರನಿಗೆ ನೆನಪೇ ಇರಲಿಲ್ಲ. ಅವನು ಉಂಡು ಗೊರಕೆ ಹೊಡೆಯುತ್ತಿದ್ದ.

ಗುರವ್ವ ಗುದ್ದಲಿ ತಂದಳು. ಒಂದೇ ಏಟಿಗೆ ಬಿಲ ಬಗೆದರೆ ಮಣಿ ಕೈಗೆ ಬರುತ್ತಿತ್ತು. ಆದರೆ ಕೈ ಏಳಲಿಲ್ಲ.

"ಒಬ್ಬ ತಾಯಿಗೆ ಎರಡು ಸಲ ಇದನ್ನ ಮಾಡಲಾರೆ" ಎಂದು ಮೊರ ಹಿಡಿದು ತಿಪ್ಪೆಗೆ ಓಡಿದಳು.

ಒಂದು ಮೊರ ಕೇರಿದಳು, ಬರೀ ಧೂಳು. ಎರಡನೆಯ ಮೊರ ಕೇರಿದಳು, ಬಳೆಚೂರು. ಅಷ್ಟರಲ್ಲಿ ದುರ್ಗಣ ಎದ್ದು, ಮಣಿ ಕಾಣದೆ ಅಬ್ಬರಿಸುತ್ತ ಹೊರಬಂದ. ಮೂರನೆಯ ಮೊರದಲ್ಲಿ ಜೋಳದ ಕಾಳಿನಷ್ಟು ಬಿಳಿ ಗಂಟು ಉಳಿಯಿತು.

ಬಿಲದ ಬಾಯಿಗೆ ಅದನ್ನಿಟ್ಟಳು. "ಅಕ್ಕಾ, ಗುಡಿಸಿ ಒಗೆದಾಕಿ ನಾನ. ತಪ್ಪಾತು. ತಗೋ, ನಿನ್ನ ಗಂಟು."

ಜೇಡ ಹೊರಬಂದು ಎರಡನ್ನೂ ಕಾಲಿನಿಂದ ಸವರಿ ನೋಡಿತು. "ಹೌದ ತಂಗಿ, ಇದ ನಂದು" ಎಂದು ಮಣಿಯನ್ನು ಕೆಳಗೆ ಬಿಟ್ಟಿತು.

ದುರ್ಗಣನ ಕೈ ಗುರವ್ವನ ಜಡೆ ಹಿಡಿದಿತ್ತು. ಅವಳು ಹಿಮ್ಮಡಿಯಿಂದ ಮಣಿಯನ್ನು ಅರೆದಳು. ಮಾಟಗಾರ ಹೊಗೆಯಾಗಿ ಹೋದ.

ಒಳಗಿನ ಚೀಲ ಹರಿಯಿತು. ನೂರು ಕೂಸುಗಳು ಒಟ್ಟಿಗೆ ಚೀರಿಕೊಂಡವು. ತಾಯಂದಿರು ಬಿದ್ದೆದ್ದು ಓಡಿಬಂದರು, ಮತ್ತೆಂದೂ ಆ ನಾಡಿನ ತೊಟ್ಟಿಲು ಖಾಲಿಯಾಗಲಿಲ್ಲ. ಗುರವ್ವ ಮಗನನ್ನು ದನಿಯಿಂದಲೇ ಗುರುತಿಸಿ ಎತ್ತಿಕೊಂಡು, ಅಲ್ಲೇ ಅಂಗಳದಲ್ಲಿ ಕೂತಳು. ಎದೆಯ ಹಾಲು ಇನ್ನೂ ಬತ್ತಿರಲಿಲ್ಲ.