ಹೆಗಲು ಕೊಟ್ಟ ಹವಾಲ್ದಾರ

ಆ ಮುಂಜಾನೆ ಶಿಗ್ಗಾವಿಯ ಮೇಲೆ ಮಂಜು ಕವಿದಿತ್ತು. ಗುಡಿಯ ಗಂಟೆ ಕೇಳುತ್ತಿತ್ತು, ಗುಡಿ ಕಾಣುತ್ತಿರಲಿಲ್ಲ. ಸವಣೂರಿನಿಂದ ವೀಳ್ಯದೆಲೆ ಹೇರಿಕೊಂಡು ಬರುವ ಚಕ್ಕಡಿಗಳ ಗೆಜ್ಜೆಯ ಸದ್ದು ಮೊದಲು ಬಂತು, ಎತ್ತುಗಳು ಆಮೇಲೆ ಬಂದವು. ದೇಶ ಸ್ವತಂತ್ರವಾದ ಮೇಲಿನ ಮೊದಲ ಚಳಿಗಾಲ ಅದು. ಉಡಚಪ್ಪ ಕಂಬಳಿ ಹೊದ್ದುಕೊಂಡು ಮಜೀದನ ಚಹದಂಗಡಿಗೆ ಬಂದಾಗ, ಮಜೀದ ಒಲೆ ಊದುವುದನ್ನು ಬಿಟ್ಟು ತಲೆಯೆತ್ತಿದ.

"ಬರ್ರಿ ಅರ್ಧಾ ಹವಾಲ್ದಾರ್ರ. ಮಂಜಿನ್ಯಾಗ ದೂರಿಂದ ಪೂರ್ತಿ ಹವಾಲ್ದಾರ ಬಂದಂಗ ಕಂಡಿತ್ತು ನೋಡ್ರಿ."

ಬೆಂಚಿನ ಮೇಲಿದ್ದವರು ನಕ್ಕರು. ಅದು ಕೆಟ್ಟ ನಗೆಯೇನಲ್ಲ, ರೂಢಿಯಾದ ನಗೆ. ರೂಢಿಯಾದದ್ದರಿಂದಲೇ ಅದು ಉಡಚಪ್ಪನಿಗೆ ಹೆಚ್ಚು ನಾಟುತ್ತಿತ್ತು. 'ಚಲೇಜಾವ್' ಚಳವಳಿಯ ವರ್ಷ ಹಾನಗಲ್ಲಿನ ಠಾಣೆಯಲ್ಲಿ ಅವನನ್ನು ಹವಾಲ್ದಾರಿಕೆಯಿಂದ ಸಾದಾ ಪೋಲೀಸನ ದರ್ಜೆಗೆ ಇಳಿಸಿದ್ದರು. ತೋಳಿನ ಪಟ್ಟಿಯನ್ನು ಎಲ್ಲರೆದುರು ಬಿಚ್ಚಿಸಿ ಹಿರೇಕೆರೂರಿಗೆ ವರ್ಗ ಮಾಡಿದರು. ಅಲ್ಲಿ ಸಂತೆಯ ಬಿಸಿಲಿನಲ್ಲಿ ನಿಂತು, ತನಗಿಂತ ಚಿಕ್ಕವರಿಗೆ ಸಲಾಮು ಹೊಡೆಯುತ್ತ ಅವನು ನೌಕರಿ ಮುಗಿಸಿದ್ದ. ಹೆಂಡತಿ ಕರೆವ್ವನನ್ನು ಓಣಿಯವರು ಹವಾಲ್ದಾರ್ತಿ ಎಂದು ಕರೆಯುತ್ತಿದ್ದರು. ಆ ಕರೆ ನಿಂತ ಮೇಲೆ ಅವಳು ಅರಿಷಿಣ ಕುಂಕುಮಕ್ಕೆ ಹೋಗುವುದನ್ನೂ ನಿಲ್ಲಿಸಿದಳು. ಸರಕಾರ ಒಮ್ಮೆ ಇಳಿಸುತ್ತದೆ, ಊರು ದಿನಾ ಇಳಿಸುತ್ತದೆ.

ಮಜೀದ ಬಸಿ ಮುಂದೆ ಸರಿಸಿದ. "ಸೊಸೈಟಿಯವರು ಕಾಳಿನ ಗೋದಾಮಿಗೆ ಒಬ್ಬ ಮೇಲ್ವಿಚಾರಕನ್ನ ಹುಡುಕಾಕತ್ತಾರ. ದೇಶಕ್ಕಾಗಿ ಜೇಲು ಕಂಡವರಿಗೆ ಮೊದಲು ಅಂತ ಬಸವಣ್ಣೆಪ್ಪನವರು ಅಂದಾರಂತ. ನೀವೂ ಒಂದು ಅರ್ಜಿ ಹಾಕ್ರಿ. ಜೇಲಿನ್ಯಾಗ ನೀವೂ ಇದ್ರೆಲ್ಲಾ, ಬೀಗದ ಈ ಕಡೆ ಇದ್ರಿ ಅಷ್ಟ."

ಮಜೀದ ಅದನ್ನು ನಗೆಗೆಂದು ಅಂದಿದ್ದ. ಉಡಚಪ್ಪ ಅದನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ಮನೆಗೆ ತಂದ.

ಹಾನಗಲ್ಲಿನಲ್ಲಿ ನಡೆದದ್ದು ಇಷ್ಟು. ಹುಲಗೂರಿನ ಚನ್ನವೀರಪ್ಪನೆಂಬ ತರುಣನನ್ನು ತಂತಿ ಕತ್ತರಿಸಿದ ಆರೋಪದ ಮೇಲೆ ಹಿಡಿದು ತಂದು ಠಾಣೆಯ ಕೋಣೆಯಲ್ಲಿ ಕೂಡಿಹಾಕಿದ್ದರು. ಪಹರೆ ಉಡಚಪ್ಪನದು. ಕೈದಿ ಬಂದಾಗಿನಿಂದ ಅವನು ಆ ಕೋಣೆಯೊಳಗೆ ಒಮ್ಮೆಯೂ ಹಣಿಕಿ ನೋಡಿರಲಿಲ್ಲ. ಮರುದಿನ ದೀಪ ಹಚ್ಚುವ ಹೊತ್ತಿಗೆ ಅವನೂ ಅವನ ಕೈಕೆಳಗಿನ ಬಾಬಾಜಾನನೂ ಹಿತ್ತಲ ಕೊಟ್ಟಿಗೆಯಲ್ಲಿ ಇಸ್ಪೀಟು ಆಡುತ್ತಿದ್ದರು. ಎಲೆಗಳು ಚೆನ್ನಾಗಿ ಬಿದ್ದಿದ್ದವು. ಆಟ ಮುಗಿಸಿ ಬಂದು ನೋಡಿದರೆ ಕೋಣೆಯ ಮೇಲಿನ ಹೆಂಚುಗಳು ಸರಿದಿದ್ದವು, ಆ ಸಂದಿಯಲ್ಲಿ ಒಂದು ಚಿಕ್ಕೆ ಕಾಣುತ್ತಿತ್ತು.

ಇಳಿಸಿದ ಆದೇಶದಲ್ಲಿ ಇಸ್ಪೀಟಿನ ಮಾತಿರಲಿಲ್ಲ. 'ತನ್ನ ಪಹರೆಯಲ್ಲಿದ್ದ ಕೈದಿ ಪಾರಾಗಲು ಕಾರಣನಾದದ್ದಕ್ಕಾಗಿ' ಎಂದಷ್ಟೇ ಇತ್ತು. ಇಷ್ಟು ವರ್ಷ ಆ ಸಾಲು ಅವನ ಎದೆಯಲ್ಲಿ ಮುಳ್ಳಾಗಿತ್ತು. ಈಗ ಅದನ್ನು ಬೇರೆ ಬೆಳಕಿನಲ್ಲಿ ತಿರುಗಿಸಿ ನೋಡಿದ. ಕೈದಿ ಪಾರಾಗಲು ಇವನೇ ಕಾರಣ ಎಂದು ಬ್ರಿಟಿಷ್ ಸಾಹೇಬನೇ ಒಪ್ಪಿ ರುಜು ಹಾಕಿದ್ದಾನೆ. ಇನ್ನೇನು ಬೇಕು? ಒಂದಕ್ಷರ ತಿದ್ದಬೇಕಾಗಿಲ್ಲ, ಒಂದು ಮೊಹರು ಕದಿಯಬೇಕಾಗಿಲ್ಲ. ಉಡಚಪ್ಪ ತನ್ನ ನೌಕರಿಯಲ್ಲಿ ಎಷ್ಟೋ ಕಳ್ಳರನ್ನು ಹಿಡಿದಿದ್ದ. ಎಲ್ಲರೂ ಸುಳ್ಳನ್ನು ಹೊಸದಾಗಿ ಕಟ್ಟಲು ಹೋಗಿ ಸಿಕ್ಕಿಬಿದ್ದವರು. ಇದ್ದ ನಿಜದ ಮನೆಯಲ್ಲೇ ಸುಳ್ಳನ್ನು ಬಾಡಿಗೆಗೆ ಇಟ್ಟರೆ ಯಾರು ಹಿಡಿದಾರು?

ದಡ್ಡರು ಇಳಿದ ದರ್ಜೆಯನ್ನು ಅರ್ಜಿಯ ತಳದಲ್ಲಿ ಸಣ್ಣಕ್ಷರದಲ್ಲಿ ಅಡಗಿಸುತ್ತಾರೆ. ಅವನು ಅದನ್ನು ಹೆಸರಿನ ಕೆಳಗೇ ಬರೆದ. 'ದೇಶಭಕ್ತನೊಬ್ಬನನ್ನು ಬಿಡಿಸಿದ್ದಕ್ಕಾಗಿ ಪರಕೀಯ ಸರಕಾರದಿಂದ ಹವಾಲ್ದಾರ ಪದವಿ ಕಳೆದುಕೊಂಡವನು.' ಬರೆದ ಮೇಲೆ ಆ ಸಾಲನ್ನು ಕರೆವ್ವನಿಗೆ ಓದಿ ಹೇಳಿದ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಆ ದಿವಸ ಇಸ್ಪೀಟಿನ್ಯಾಗ ಗೆದ್ದಿದ್ದೆ ಅಂತ ನೀವ ಹೇಳಿದ್ರಿ."

"ಗೆದ್ದು ಸೋತೆ ಅವತ್ತು. ಈಗ ಸೋತದ್ದರಾಗ ಗೆಲ್ಲತೇನಿ."

"ಆ ಸತ್ತ ಹುಡುಗನ್ನ ಹೆಗಲ ಮ್ಯಾಲ ಹೊತ್ತಗೊಂಡು ಎಷ್ಟು ದೂರ ಹೋಗ್ತೀರಿ?"

ಹೆಗಲು ಎಂಬ ಮಾತು ಅವನಿಗೆ ಹಿಡಿಸಿತು. ಹೆಂಚು ಸರಿದದ್ದು ಹಾನಗಲ್ಲಿನಲ್ಲಿ ಅನೇಕರಿಗೆ ಗೊತ್ತು. ಅಷ್ಟು ಎತ್ತರಕ್ಕೆ ಒಬ್ಬನೇ ಏರುವುದು ಕಷ್ಟ. ಹಾಗಾದರೆ ಏರಿಸಿದವರು ಯಾರು? ಉಡಚಪ್ಪ ಕಣ್ಣು ಮುಚ್ಚಿ ಕುಳಿತು ಆ ಸಂಜೆಯನ್ನು ಮತ್ತೆ ಕಟ್ಟಿದ. ಕೈದಿ ಬಳಲಿ ಕುಳಿತಿದ್ದಾನೆ. ಹವಾಲ್ದಾರನ ಕರುಳು ಚುರುಕ್ಕೆನ್ನುತ್ತದೆ. ಒಂದು ಚರಿಗೆ ನೀರು ತಂದು ಕುಡಿಸುತ್ತಾನೆ, ಗೋಡೆಗೆ ಮುಖ ಮಾಡಿ ಬಾಗುತ್ತಾನೆ, ಹೆಗಲು ಕೊಡುತ್ತಾನೆ. ಹತ್ತು ಸಲ ಹೇಳಿಕೊಂಡ ಮೇಲೆ ಆ ಪಾದದ ಭಾರ ನಿಜವಾಗಿಯೂ ಹೆಗಲಿನ ಮೇಲೆ ಕೂತಂತಾಯಿತು. ಆ ಭಾರಕ್ಕೆ ಅವನ ಕಣ್ಣುಗಳು ಒದ್ದೆಯಾದವು. ಮನುಷ್ಯ ತಾನು ಮಾಡದ ಪುಣ್ಯಕ್ಕೂ ಅಳಬಲ್ಲ. ದೇವರು ಅಷ್ಟು ಸಡಿಲು ಬಿಟ್ಟಿದ್ದಾನೆ.

ಗೋದಾಮಿನ ಬೀಗದ ಕೈ ಸಿಕ್ಕ ಮೇಲಿನದನ್ನೂ ಅವನು ಯೋಚಿಸಿದ್ದ. ರೇಶನ್ನಿನ ಕಾಲ, ಜೋಳ ಬಂಗಾರವಾಗಿತ್ತು. ಚೀಲಕ್ಕೆ ಒಂದು ಬೊಗಸೆ ಕಡಿಮೆಯಾದರೆ ಇಲಿ ತಿಂದಿತೆಂದು ಬರೆಯುತ್ತಾರೆ. ಇಲಿಯನ್ನು ಕರೆದು ಯಾರೂ ಕೇಳುವುದಿಲ್ಲ. ದೇಶಕ್ಕಾಗಿ ಪಟ್ಟಿ ಕಳೆದುಕೊಂಡವನನ್ನಂತೂ ಕೇಳುವುದೇ ಇಲ್ಲ.

ಇನ್ನು ಅವನ ಮಾತಿಗೆ ಎದುರು ಹೇಳುವವರು ಯಾರಿದ್ದರು? ಆದೇಶ ಬರೆದ ಸಾಹೇಬ ಹಡಗು ಹತ್ತಿದ್ದ. ಬಾಬಾಜಾನ ಹೋದ ವರ್ಷ ಕಾಲರಾದಲ್ಲಿ ತೀರಿದ್ದ. ಚನ್ನವೀರಪ್ಪನೂ ಇರಲಿಲ್ಲ, ತಪ್ಪಿಸಿಕೊಂಡು ಒಮ್ಮೆ ಮನೆಗೆ ಬಂದು ಹೋಗಿ, ಕಾಡಿನಲ್ಲಿ ಅಡಗಿದ್ದಾಗ ಜ್ವರ ಬಂದು ಸತ್ತನೆಂದು ಸುದ್ದಿ ಬಂದಿತ್ತು. ಉಳಿದವಳು ಅವನ ತಾಯಿ ಹಾಲವ್ವ ಒಬ್ಬಳೇ. ಬೇರೆಯವನಾಗಿದ್ದರೆ ಅವಳಿಂದ ದೂರ ಉಳಿಯುತ್ತಿದ್ದ. ಉಡಚಪ್ಪ ಹಾಗೆ ಮಾಡಲಿಲ್ಲ. ಸೋಮವಾರದ ಸೊಸೈಟಿ ಸಭೆಗೆ ಅವಳೇ ಬಂದು ಹೇಳಿದರೆ ಬೇರೆ ಸಾಕ್ಷಿ ಬೇಡವೆಂದು ಎಣಿಸಿ, ಬಾಳೆಹಣ್ಣು ಕಟ್ಟಿಕೊಂಡು ಹುಲಗೂರಿಗೆ ಹೋದ. ದರ್ಗಾದ ಮುಂದೆ ಕ್ಷಣ ನಿಂತು ಕೈ ಮುಗಿದ. ಯಾವ ದೇವರನ್ನೂ ಬಿಡಬಾರದೆಂಬ ಎಚ್ಚರ ಅವನದು.

ಹಾಲವ್ವ ಹಣೆ ತುಂಬ ವಿಭೂತಿ ಧರಿಸಿ, ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ಯಾರೆಂದು ಹೇಳಿದ ಕೂಡಲೇ ಕಂಬಳಿ ಹಾಸಿದಳು.

"ಕುಂತ್ರಿ. ನನ್ನ ಮಗನ ಸುದ್ದಿ ಎತ್ತಿಕೊಂಡು ಈ ಮನಿಗೆ ಯಾರೂ ಬರೂದಿಲ್ಲ."

ಅವನು ಹೇಳಿದ. ತಡವರಿಸಬೇಕಾದಲ್ಲಿ ತಡವರಿಸಿ, ದನಿ ಇಳಿಸಬೇಕಾದಲ್ಲಿ ಇಳಿಸಿ ಹೇಳಿದ. ಜೋಳದ ಮೇಲೆ ಆಡುತ್ತಿದ್ದ ಅವಳ ಬೆರಳುಗಳು ನಡುವೆ ನಿಂತವು.

"ನೀರು ಕುಡದನೇನು ಅಂವ?"

"ಕುಡದ ಯವ್ವಾ. ನನ್ನ ಕೈಯಾರೆ ಕುಡಿಸೇನಿ. ಒಂದು ಚರಿಗಿ ಪೂರ್ತಿ, ಗಟಗಟ. ಕುಡದು, ನಿನ್ನ ಋಣ ಉಳೀತು ಯಣ್ಣಾ ಅಂದ."

"ಖರೇನ ಕುಡದನೇನು?"

"ಶಿವನಾಣಿ ಯವ್ವಾ."

ಅವಳು ಮೊರವನ್ನು ಕೆಳಗಿಟ್ಟು ಅಂಗಳದ ಕಡೆ ನೋಡಿದಳು. ಅಂಗಳದಲ್ಲಿ ಗುಬ್ಬಿಗಳು ಇಳಿದು ಚೆಲ್ಲಿದ ಕಾಳು ಆರಿಸಿಕೊಂಡು ಹಾರಿದವು. ತಾಯಿಯ ಕರುಳು ತುಂಬಿ ಬಂದಿದೆ ಎಂದುಕೊಂಡು ಉಡಚಪ್ಪ ತಾನೂ ತಲೆ ತಗ್ಗಿಸಿ ಕೂತ. ಎಷ್ಟು ಹೊತ್ತು ತಗ್ಗಿಸಬೇಕೆಂಬುದನ್ನೂ ಅವನು ಅಳೆದಿದ್ದ.

ಕೊನೆಗೆ ಅವಳು ಅಂದಳು, "ಸೋಮವಾರ ಸಭಾಕ್ಕ ಬರ್ತೇನಿ. ಋಣ ಅಂದ ಮ್ಯಾಲ ಇಟ್ಟುಕೋಬಾರದು."

ಬಾಳೆಹಣ್ಣನ್ನು ಅವಳು ಒಳಗೆ ಒಯ್ಯಲಿಲ್ಲ. ಮುದುಕಿ ಮರೆತಳು ಎಂದುಕೊಂಡ.

ಸೋಮವಾರ ಸೊಸೈಟಿಯ ಪಡಸಾಲೆ ತುಂಬಿತ್ತು. ಅಧ್ಯಕ್ಷ ಬಸವಣ್ಣೆಪ್ಪ, ಎರಡು ಸಲ ಜೇಲಿಗೆ ಹೋಗಿ ಬಂದ ಜಮೀನುದಾರ, ಅರ್ಜಿಯನ್ನು ತಾನೇ ಗಟ್ಟಿಯಾಗಿ ಓದಿದ. ಓದಿ ಕನ್ನಡಕ ತೆಗೆದು ಒರೆಸಿಕೊಂಡ.

"ಉಳದವರು ತಮ್ಮ ಏರಿಕಿ ಬರದಾರ. ನೀವೊಬ್ಬರ ಇಳಿದದ್ದನ್ನ ಮೊದಲಿಗೆ ಬರದೀರಿ. ಹೆಂಗ ಬಿಡಿಸಿದ್ರಿ, ಹೇಳ್ರಿ."

ಉಡಚಪ್ಪ ಎದ್ದು ನಿಂತು ಹೇಳಿದ. ಚರಿಗೆ, ನೀರು, ಗೋಡೆ, ಹೆಗಲು. ಕೊನೆಯ ಮಾತಿಗೆ ಬಂದಾಗ ಎಡತೋಳನ್ನು ಮೆಲ್ಲಗೆ ಮುಟ್ಟಿಕೊಂಡ. "ಯಾವ ಹೆಗಲ ಮ್ಯಾಲ ಅಂವ ಕಾಲಿಟ್ಟನೋ, ಅದ ತೋಳಿನ ಪಟ್ಟಿ ಕಿತ್ತರ್ರಿ."

ಯಾರೋ ನಿಟ್ಟುಸಿರು ಬಿಟ್ಟರು. ಬಾಗಿಲಲ್ಲಿ ಇಣುಕುತ್ತಿದ್ದ ಮಜೀದ ಟೋಪಿ ಸರಿಪಡಿಸಿಕೊಂಡು ನೆಲ ನೋಡಿದ. ಬಸವಣ್ಣೆಪ್ಪ ತನ್ನ ಪಕ್ಕದ ಜಾಗ ತೋರಿಸಿ, "ಹವಾಲ್ದಾರ್ರ, ಇಲ್ಲಿ ಬರ್ರಿ," ಅಂದ. ಅರ್ಧ ಎಂಬ ಮಾತು ಅದರಲ್ಲಿ ಇರಲಿಲ್ಲ. ಆ ಒಂದು ಕರೆಗಾಗಿ ಉಡಚಪ್ಪ ಇಷ್ಟು ವರ್ಷ ಬದುಕಿದ್ದ. ನಡೆದುಹೋಗಿ ಕೂತಾಗ, ಗೋದಾಮಿನ ಜೋಳ ಕೂಡ ಅವನ ಮನಸ್ಸಿನಿಂದ ಒಂದು ಗಳಿಗೆ ದೂರವಾಯಿತು. ಕರೆವ್ವನಿಗೆ ಇದನ್ನು ಹೇಗೆ ಹೇಳಲಿ ಎಂದಷ್ಟೇ ಯೋಚಿಸಿದ.

ಆಗ ಹಾಲವ್ವ ಬಂದಳು. ಕೈಯಲ್ಲಿ ಒಂದು ಹಿತ್ತಾಳೆಯ ಚರಿಗೆ. ಹೊರಗಿನ ಬಾವಿಯಲ್ಲಿ ಆಗಷ್ಟೇ ಸೇದಿ ತುಂಬಿದ್ದಳು, ತಳದಿಂದ ಹನಿ ತೊಟ್ಟಿಕ್ಕುತ್ತಿತ್ತು. ಬಸವಣ್ಣೆಪ್ಪ ಎದ್ದು ಕೈ ಮುಗಿದ. "ಯವ್ವಾ, ಇವರು ನೀರು ಕುಡಿಸಿ, ಹೆಗಲು ಕೊಟ್ಟು ಬಿಡಿಸಿದ್ರಂತ. ನಿನ್ನ ಮಗ ಮನಿಗೆ ಬಂದಾಗ ಇವರ ಹೆಸರು ಹೇಳಿದ್ದನೇನು?"

"ಹೆಸರು ಹೇಳಾಕ ಅವನ ಬಾಯಾಗ ದನೀನ ಇದ್ದಿಲ್ಲೋ ಬಸವಣ್ಣೆಪ್ಪ," ಹಾಲವ್ವ ಮೆಲ್ಲಗೆ ಅಂದಳು. "ಹಿಡಿಯೂ ಮುಂದ ಜಗ್ಗ್ಯಾಡಿದ್ದಕ್ಕ ಶಿವದಾರ ಹರದು, ಅವನ ಕೊರಳಾಗಿನ ಲಿಂಗ ಧರ್ಮಾ ಹೊಳಿ ಪಾಲಾಗಿತ್ತು. ಮೈಮ್ಯಾಲ ಲಿಂಗ ಇಲ್ಲದ ಅಂವ ನೀರು ಹೆಂಗ ಮುಟ್ಟತಾನ? ಊರಿಗೆ ಬಂದು ಅಯ್ಯನವರ ಕೈಲೆ ಮತ್ತ ಕಟ್ಟಿಸಿಕೊಳ್ಳೂತನ ಒಂದು ಹನಿ ಗಂಟಲದಾಗ ಇಳಿಸಿದ್ದಿಲ್ಲ. ತುಟಿ ಒಡದು ರಕ್ತ ಬಂದಿತ್ತು, ನಾನ ಒರಸೇನಿ." ಪಡಸಾಲೆಯಲ್ಲಿ ಕೂತವರ ಕೈಗಳು, ಯಾರೂ ಹೇಳದೆ, ತಮ್ಮ ತಮ್ಮ ಎದೆಯ ಮೇಲಿನ ಲಿಂಗದ ಕಡೆಗೆ ಹೋದವು. ಉಡಚಪ್ಪನ ಕೈ ಮಾತ್ರ ತೋಳಿನ ಮೇಲೇ ಉಳಿಯಿತು. ಹಾಲವ್ವ ಅವನ ಮುಂದೆ ಬಂದು ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಅಂವ ಕುಡೀಲಾರದ ನೀರು ನನ್ನ ಮನ್ಯಾಗ ಇರೂದು ಬ್ಯಾಡ, ತಮ್ಮಾ," ಎಂದು, ದೊಡ್ಡವರಿಗೆ ಕೊಡುವ ಹಾಗೆ ಎರಡೂ ಕೈಯಿಂದ ಆ ತುಂಬಿದ ಚರಿಗೆಯನ್ನು ಅವನಿಗೆ ತಿರುಗಿ ಕೊಟ್ಟಳು.